ಪಂಕ್ತಿ ಏಳುವ ತನಕ

"ಅಯ್ಯಾರು ಅದಾರೇನ್ರಿ?"

ಬಾಗಿಲಲ್ಲಿ ಮಡಿವಾಳೆಪ್ಪನ ದನಿ ಕೇಳಿದಾಗ ಮರುಳಯ್ಯ ಬಚ್ಚಲಲ್ಲಿ ಬಗ್ಗಿ ನಿಂತಿದ್ದ. ಒಂದು ಕೈ ಗೋಡೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಕೊರಳಿನ ಲಿಂಗದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದ, ಅದು ಮುಂದೆ ಜೋತುಬಿದ್ದು ಹೊಲಸಾಗಬಾರದೆಂದು. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅದು ಒದ್ದೆ ದೋತರವನ್ನು ಇಬ್ಬರು ಸೇರಿ ಹಿಂಡಿದ ಹಾಗೆ ಹಿಂಡುತ್ತಲೇ ಇತ್ತು. ಕಡೆಗೆ ಒಂದು ಗುಟುಕು ಹಳದಿ ನೀರು ಬಂತು.

ಹೆಂಡತಿ ಮಹಾದೇವಕ್ಕ ಬಚ್ಚಲ ಬಾಗಿಲನ್ನು ಎಳೆದುಕೊಂಡು ಹೊರಗೆ ಹೋದಳು.

"ಲಿಂಗಪೂಜಿಗೆ ಕುಂತಾರಪಾ. ಯಾಕ, ಇಷ್ಟು ಲಗೂನ ಬಂದಿ?"

"ಲಗು ಎಲ್ಲಿ ಬಂತ್ರಿ ಅಮ್ಮಾರ, ಹತ್ತು ಹೊಡೀತು. ಅವ್ವನ ದಿನದ ಪಂಕ್ತಿ ಹನ್ನೆರಡಕ್ಕ ಕುಂದ್ರಬೇಕು. ಮಿಶ್ರಿಕೋಟಿ ಬೀಗರು ಆಗಳೆ ಬಂದು ಕುಂತಾರ. ಅಯ್ಯಾರಿಗೆ ಇನ್ನೊಮ್ಮೆ ನೆನಪು ಮಾಡಿ ಹೋಗೂಣಂತ ಬಂದೆ." ಮಡಿವಾಳೆಪ್ಪ ಮಾತು ನಿಲ್ಲಿಸಿ ಒಳಗೆ ಕಿವಿಗೊಟ್ಟ. "ಯಾರಿಗರ ಆರಾಮಿಲ್ಲೇನ್ರಿ?"

"ಬೆಕ್ಕು. ಇಲಿ ತಿಂದು ಕಾರಾಕತ್ತೈತಿ."

ಅವನು ಹೋದ ಮೇಲೂ ಮಹಾದೇವಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಸುಳ್ಳು ಹೇಳುವುದು ಅವಳಿಗೆ ಈಗ ರೂಢಿಯಾಗಿತ್ತು. ನಾಲ್ಕು ತಿಂಗಳ ಹಿಂದೆ ಗಂಡನ ಕುತ್ತಿಗೆಯಲ್ಲಿ ಗಜ್ಜುಗದ ಕಾಳಿನಂಥ ಗಂಟುಗಳು ಎದ್ದಾಗ ಹುಬ್ಬಳ್ಳಿಯ ದವಾಖಾನೆಯಲ್ಲಿ ಕ್ಯಾನ್ಸರ್ ಎಂದಿದ್ದರು. ಮೂರು ವಾರಕ್ಕೊಮ್ಮೆ ಸಲಾಯಿನ್ ಹಚ್ಚಿ ಅದರೊಳಗೆ ಕೆಂಪು ಔಷಧ ಬಿಡುತ್ತಿದ್ದರು. ಒಟ್ಟು ಆರು ಸಲ. ಮೊದಲ ಸಲಕ್ಕೇ ತಲೆಗೂದಲು, ಗಡ್ಡ, ಮೀಸೆ ಎಲ್ಲ ಉದುರಿದವು. ತಲೆಯನ್ನು ರುಮಾಲು ಮುಚ್ಚಿತು. ಗಡ್ಡ ಮೀಸೆ ಏನಾದವು ಎಂದವರಿಗೆ, ಹರಕೆ ಇತ್ತು, ತೆಗೆಸಿದೆ ಎಂದು ಹೇಳಿದರು. ಮೇಲಿಂದ ಮೇಲೆ ಹುಬ್ಬಳ್ಳಿಗೆ ಯಾಕೆ ಎಂದವರಿಗೆ, ಮಗಳು ಅಲ್ಲಿದ್ದಾಳಲ್ಲ, ಮೊಮ್ಮಗನ ಮಾರಿ ನೋಡಲಿಕ್ಕೆ ಎಂದರು.

ಕ್ಯಾನ್ಸರ್ ಎಂದರೆ ದುಮ್ಮವಾಡದಲ್ಲಿ ಎರಡೇ ಅರ್ಥ. ಸಾಯುತ್ತಾನೆ, ಮತ್ತು ಅಂಟುತ್ತದೆ. ಬಸ್ಸು ನಿಲ್ಲುವಲ್ಲಿ ಚಹಾದಂಗಡಿ ಇಟ್ಟಿದ್ದ ಬುಡನಸಾಬನಿಗೆ ಗಂಟಲಲ್ಲಿ ಅದು ಆಗಿದೆ ಎಂದು ಗೊತ್ತಾದ ದಿನದಿಂದ, ಇಪ್ಪತ್ತು ವರ್ಷ ಅವನ ಕೈಯ ಚಹಾ ಕುಡಿದವರು ಅತ್ತ ಹಾಯಲಿಲ್ಲ. ಅವನು ಹಾಲು ಕಾಸಿ ಕಾಸಿ ತಾನೇ ಕುಡಿದು ಸತ್ತ. ಬುಡನಸಾಬ ಮಾರುತ್ತಿದ್ದದ್ದು ಚಹಾ. ಮರುಳಯ್ಯ ಊರಿನ ಜಂಗಮ. ಜನ ಅವನ ಪಾದ ತೊಳೆದ ನೀರು ಕುಡಿಯುತ್ತಾರೆ, ಅವನು ಮುಟ್ಟಿ ಕೊಟ್ಟದ್ದನ್ನು ಪ್ರಸಾದವೆಂದು ತಿನ್ನುತ್ತಾರೆ.

ಅವನು ಬಚ್ಚಲಿಂದ ಬಂದು ಕಂಬಕ್ಕೆ ಆತು ಕೂತ. ಹುಬ್ಬು ಸಹ ಇಲ್ಲದ ಮುಖ ತೊಳೆದಿಟ್ಟ ಹಿತ್ತಾಳೆ ತಂಬಿಗೆಯಂತಿತ್ತು.

"ಒಲ್ಲೆ ಅಂತ ಹೇಳಿ ಕಳಸ್ರಿ," ಎಂದಳು ಮಹಾದೇವಕ್ಕ. "ಕಲಘಟಗಿ ಅಯ್ಯ, ತೋಟಯ್ಯ, ಲೂನಾ ಗಾಡಿ ಹತ್ತಿದ್ರ ಅರ್ಧಾ ತಾಸಿನ್ಯಾಗ ಇಲ್ಲಿರ್ತಾನ."

"ಅವ ಅದನ್ನ ಕಾಯಾಕತ್ತಾನ. ಇವತ್ತ ಬಂದವ ನಾಳೆ ಹೋಗಂಗಿಲ್ಲ."

"ಬರವಲ್ಲನ್ಯಾಕ. ನಿಮ್ಮ ಜೀವಕ್ಕಿಂತ ಹೆಚ್ಚೇನು?"

"ಜೀವದ ಮಾತು ಬ್ಯಾಡ. ದುಂಡವ್ವಗ ಮಾತು ಕೊಟ್ಟೇನಿ."

ಅದು ನಿಜ. ಮಡಿವಾಳೆಪ್ಪನ ತಾಯಿ ದುಂಡವ್ವ ಮೂವತ್ತು ವರ್ಷ ಪ್ರತಿ ಸೋಮವಾರ ಇವನಿಗೆ ಉಣಿಸಿದ್ದಳು. ಬಾಯಿ ಜೋರಿನ ಮುದುಕಿ. ಹಾಸಿಗೆ ಹಿಡಿದ ಮೇಲೆ ಅವನನ್ನು ಕರೆಸಿ, "ಅಯ್ಯಾರ, ನಾ ಸತ್ತ ಹನ್ನೊಂದರ ದಿನ ನೀವಽ ಬರಬೇಕು. ಮೂರು ಹೋಳಿಗಿ ಉಣ್ಣಬೇಕು, ಗಂಗಾಳ ತೊಳಕೊಂಡು ಕುಡೀಬೇಕು. ಆ ಲೂನಾದವ ಉಂಡ್ರ ನನಗ ಮುಟ್ಟಂಗಿಲ್ಲ, ಅವ ಗಡಿಬಿಡಿಯಾಂವ," ಎಂದಿದ್ದಳು. ಮರುಳಯ್ಯ ನಕ್ಕು ಹೂಂ ಎಂದಿದ್ದ.

ಅವಳು ಸತ್ತ ದಿನವೇ ಅವನು ಬೆರಳು ಮಡಚಿ ಎಣಿಸಿದ್ದ. ಮೂರನೆಯ ದಿನ ಔಷಧ. ನಾಲ್ಕು ದಿನ ವಾಂತಿ. ಹನ್ನೊಂದಕ್ಕೆ ಹೊಟ್ಟೆ ಹದಕ್ಕೆ ಬಂದಿರುತ್ತದೆ. ಆದರೆ ಮೂರನೆಯ ದಿನ ರಕ್ತ ನೋಡಿದ ಡಾಕ್ಟರು, ಬಿಳಿರಕ್ತ ಕಡಿಮೆ ಇದೆ, ಒಂದು ವಾರ ಬಿಟ್ಟು ಬನ್ನಿ ಎಂದರು. ವಾರ ಬಿಟ್ಟು ಹೋದಾಗ ಇನ್ನೆರಡು ದಿನ ತಡೆಯಬಹುದೇ ಎಂದು ಕೇಳಿ ನೋಡಿದ. "ಗಂಟು ಪಂಚಾಂಗ ನೋಡಂಗಿಲ್ರಿ ಅಜ್ಜಾರ," ಎಂದು ಡಾಕ್ಟರು ಸೂಜಿ ಚುಚ್ಚಿದರು. ಅದು ನಿನ್ನೆ.

ಮಹಾದೇವಕ್ಕ ಒಳಗೆ ಹೋಗಿ ಗಡಿಗೆಯಿಂದ ಮೂರು ದಿನದ ಹಿಂದಿನ ಕಟಕ ರೊಟ್ಟಿ ತೆಗೆದಳು. ಗಂಡನ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಬಿಸಿ ಅನ್ನದ ಹಬೆ ಆಗುವುದಿಲ್ಲ. ಒಗ್ಗರಣೆ ಆಗುವುದಿಲ್ಲ, ಹಾಗಾಗಿ ಮನೆಯಲ್ಲಿ ನಾಲ್ಕು ತಿಂಗಳಿಂದ ಸಾಸಿವೆ ಸಿಡಿದಿಲ್ಲ. ಕಾಸಿದ ತುಪ್ಪದ ವಾಸನೆಯಂತೂ ಸುತಾರಾಂ ಆಗುವುದಿಲ್ಲ. ಚುರುಮುರಿ ನಿಲ್ಲುತ್ತದೆ. ಮುರಿದರೆ ಸಪ್ಪಳ ಬರುವಂಥ ಒಣ ರೊಟ್ಟಿ ನಿಲ್ಲುತ್ತದೆ. ಲಿಂಬೆ ಸಿಪ್ಪೆ ದವಡೆಯಲ್ಲಿಟ್ಟುಕೊಂಡರೆ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ಇದರಲ್ಲಿ ಅರ್ಧ ಅವಳಿಗೆ ಕಲಿಸಿದ್ದು ಯಮನೂರಿನ ಮೀರಾಬಿ. ದವಾಖಾನೆಯಲ್ಲಿ ಪಕ್ಕದ ಕಾಟಿನ ಮೇಲೆ ಅವಳ ಗಂಡನಿಗೂ ಇದೇ ಕೆಂಪು ನೀರು. "ಖಾಲಿ ಹೊಟ್ಟಿ ಇಡಬ್ಯಾಡ್ರಿ ಅಕ್ಕಾರ," ಎಂದಿದ್ದಳು ಮೀರಾಬಿ. "ಖಾಲಿ ಹೊಟ್ಟಿ ಅಂದ್ರ ಹುಚ್ಚ ನಾಯಿ. ಯಾರನ್ನರ ಕಡೀಬೇಕು ಅಂತಿರತೈತಿ. ಒಂದು ತುಣುಕು ರೊಟ್ಟಿ ಒಗದ್ರ ಸುಮ್ಮ ಬೀಳತೈತಿ. ಮತ್ತ ಇನ್ನೊಂದು ಹೇಳ್ತೇನಿ. ವಾಂತಿ ಆಗಿ ಮುಗದ ಮ್ಯಾಲೆ ಒಂದರ್ಧಾ ತಾಸು ಅದು ಬಿಡುವು ಕೊಡತೈತಿ. ನಮ್ಮವರಿಗೆ ನಾ ಆವಾಗಽ ತಿನಸ್ತೇನಿ. ಅದಕ್ಕ ಗೊತ್ತಾಗೂದ್ರಾಗ ಅಷ್ಟು ಒಳಗ ಹೋಗಿರತೈತಿ."

ಮರುಳಯ್ಯ ರೊಟ್ಟಿಯ ಎರಡು ತುಣುಕು ತಿಂದ. ವಾಂತಿಯ ಗುಳಿಗೆ ನುಂಗಿದ. ಮಹಾದೇವಕ್ಕ ಲಿಂಬೆ ಸಿಪ್ಪೆಯ ಚೂರುಗಳನ್ನು ಅವನ ಶಾಲಿನ ಸೆರಗಿಗೆ ಗಂಟು ಕಟ್ಟಿದಳು.

"ಹೋಳಿಗಿ ತಣ್ಣಗಾದ ಮ್ಯಾಲೆ ಮುಟ್ರಿ. ತುಪ್ಪ ಒಲ್ಲೆ ಅನ್ರಿ. ಹಾಲು ತಣ್ಣಂದು ಕೇಳ್ರಿ."

"ಮೂರು ಹೋಳಿಗಿ," ಎಂದ ಮರುಳಯ್ಯ. "ಮೊದ್ಲ ಎಂಟು ಉಣ್ಣತಿದ್ದೆ ನೋಡು ನಾನು."

* * *

ಮಡಿವಾಳೆಪ್ಪನ ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಗಂಡಸರು ಎದುರುಬದುರು ಕೂತಿದ್ದರು. ಅವರ ಮುಂದೆ ಎಲೆಯ ಪತ್ರೋಳಿ. ನಡುವಿನ ಮಣೆಯ ಎದುರು ಮೂರು ಕಾಲಿನ ಅಡ್ಡಣಿಗೆಯ ಮೇಲೆ ಕಂಚಿನ ಗಂಗಾಳ. ಅದು ಮರುಳಯ್ಯನದು. ಮಡಿವಾಳೆಪ್ಪ ಮತ್ತು ಅವನ ಹೆಂಡತಿ ಗುರವ್ವ ಅವನ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆ ನೀರನ್ನು ಅಂಗೈಯಲ್ಲಿ ಹಿಡಿದು ಕುಡಿದರು. ಮರುಳಯ್ಯ ಕಣ್ಣು ಮುಚ್ಚಿಕೊಂಡಿದ್ದ. ನೋಡಿದವರು ಧ್ಯಾನ ಎಂದುಕೊಂಡರು. ಅವನು ಊದುಬತ್ತಿಯ ಹೊಗೆಗೆ ಉಸಿರು ಬಿಗಿಹಿಡಿದಿದ್ದ.

ಈ ಊರಿನಲ್ಲಿ ಅಯ್ಯ ಕೈಯಿಟ್ಟರೆ ಪಂಕ್ತಿ ಕೈಯಿಡುತ್ತದೆ. ಅಯ್ಯ ಎದ್ದರೆ ಪಂಕ್ತಿ ಏಳುತ್ತದೆ. ಅವನ ಗಂಗಾಳದಲ್ಲಿ ಒಂದು ಅಗುಳೂ ಉಳಿಯಬಾರದು. ಕೊನೆಗೆ ಅದರಲ್ಲೇ ಬೆರಳು ತೊಳೆದು ಆ ನೀರನ್ನೂ ಕುಡಿಯಬೇಕು. ಆಗಲೇ ಸತ್ತವರಿಗೆ ಮುಟ್ಟಿದ್ದು. ಈ ನೇಮವನ್ನು ಮರುಳಯ್ಯನಷ್ಟು ಬಿಗಿಯಾಗಿ ಅವನ ಅಪ್ಪನೂ ನಡೆಸಿರಲಿಲ್ಲ. ಆರು ವರ್ಷದ ಹಿಂದೆ ಒಂದು ಮದುವೆಯಲ್ಲಿ, ಎತ್ತು ಹಗ್ಗ ಹರಿದುಕೊಂಡಿತೆಂದು ಬಸಣ್ಣ ಅರ್ಧ ಊಟಕ್ಕೆ ಎದ್ದು ಓಡಿದ್ದ. "ಎತ್ತು ದೊಡ್ಡದೋ, ಪ್ರಸಾದ ದೊಡ್ಡದೋ?" ಎಂದು ಮರುಳಯ್ಯ ಊರೆದುರಿಗೆ ಗದರಿ, ಅವನನ್ನು ವಾಪಸು ಕರೆಸಿ, ಪಂಕ್ತಿಯನ್ನೆಲ್ಲ ಕಾಯಿಸಿ, ಎಲೆ ಬರಿದಾಗುವವರೆಗೆ ಉಣಿಸಿದ್ದ. ಅಷ್ಟರಲ್ಲಿ ಎತ್ತು ಕುಬೇರಪ್ಪನ ಕಬ್ಬಿಗೆ ನುಗ್ಗಿತ್ತು. ಆ ಬಸಣ್ಣ ಇವತ್ತು ಸರಿಯಾಗಿ ಎದುರಿಗೆ ಕೂತಿದ್ದ.

ಗುರವ್ವ ಹೋಳಿಗೆ ತಂದಳು. ಒಂದರ ಮೇಲೊಂದು ಮೂರು. ಹಂಚಿನಿಂದ ಆಗಷ್ಟೇ ಇಳಿದವು, ಹಬೆಯಾಡುತ್ತಿದ್ದವು. ಬದನೆಕಾಯಿ ಪಲ್ಯ, ಕಟ್ಟಿನ ಸಾರು, ಅನ್ನ. ಮರುಳಯ್ಯ ನಾಲಿಗೆಯಿಂದ ಲಿಂಬೆ ಸಿಪ್ಪೆಯನ್ನು ದವಡೆಗೆ ಒತ್ತಿದ. ಬಾಯಿಯಿಂದಲೇ ಉಸಿರಾಡಿದ.

"ಹಾಲು ತಣ್ಣಂದು ಐತೇನವ್ವಾ?"

"ಬಿಸೇದು ಐತ್ರಿ."

"ತಣ್ಣಂದು ತಾ."

ಹಾಲು ಬಂತು. ಆದರೆ ಅದರ ಹಿಂದೆಯೇ ತುಪ್ಪದ ಗಿಂಡಿಯೂ ಬಂತು. "ತುಪ್ಪ ಬ್ಯಾಡ," ಎಂದು ಅವನು ಗಂಗಾಳದ ಮೇಲೆ ಕೈ ಅಡ್ಡ ಹಿಡಿದ.

"ಹಂಗಂದ್ರ ಹೆಂಗ್ರಿ?" ಗುರವ್ವ ಗಿಂಡಿ ಹಿಡಿದೇ ನಿಂತಳು. "ನಮ್ಮತ್ತಿ ನಿಮಗ ಎಂದರ ತುಪ್ಪಿಲ್ಲದ ಹೋಳಿಗಿ ನೀಡಿದ್ಲೇನು? ಸೊಸಿ ಕೈ ಗಿಡ್ಡ ಅಂತ ನಾಳೆ ಊರಾಗ ಮಾತಾಗಬೇಕೇನು?"

ಅವನು ಕೈ ತೆಗೆದ. ತುಪ್ಪ ಬಿತ್ತು.

ಮೊದಲ ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ ಅಗಿಯದೆ ಇಳಿಸಿದ. ತುತ್ತಿಗೊಮ್ಮೆ ನಿಂತು ಒಳಗೆ ಏನಾಗುತ್ತಿದೆ ಎಂದು ಕೇಳಿಸಿಕೊಂಡ. ಹೊಟ್ಟೆ ಸುಮ್ಮನಿತ್ತು. ಗುಳಿಗೆ ಕೆಲಸ ಮಾಡುತ್ತಿದೆ ಎನಿಸಿತು. ಪಲ್ಯ, ಎರಡನೆಯ ಹೋಳಿಗೆಯಲ್ಲಿ ಅರ್ಧ ಮುಗಿಸಿದ. ಸಾರನ್ನ ಬಳಿದು ಮುಗಿಸುವಷ್ಟರಲ್ಲಿ ಅಂಗೈ ಬೆವೆತಿತ್ತು. ಸುತ್ತ ಸೊರ ಸೊರ ಸದ್ದು, ಹಪ್ಪಳ ಮುರಿಯುವ ಸದ್ದು. ಕೆಲವರ ಎಲೆ ಆಗಲೇ ಬರಿದಾಗಿ ಎರಡನೆಯ ಸಲ ಬಡಿಸಿಕೊಂಡಿದ್ದರು.

"ಅಯ್ಯಾರು ಇವತ್ತ ಹೊಸಾ ಅಳಿಯನಂಗ ಉಣ್ಣಾಕತ್ತಾರಲ್ಲೋ," ಎಂದ ಬಸಣ್ಣ.

"ಹೊಸಾ ಅಳಿಯಗ ಮೀಸಿ ಆದರೂ ಇರತಾವಲೇ," ಎಂದ ಪಕ್ಕದ ರಾಮಪ್ಪ.

ಪಂಕ್ತಿ ನಕ್ಕಿತು. ಮರುಳಯ್ಯನೂ ನಗಲು ಬಾಯಿ ತೆರೆದ. ಅದೇ ತಪ್ಪಾಯಿತು. ಬಾಯಿ ತೆರೆದ ಗಳಿಗೆಯಲ್ಲಿ ತುಪ್ಪದ ವಾಸನೆ ಮೂಗಿನ ಹಿಂದಿನಿಂದ ಇಳಿದು ಗಂಟಲನ್ನು ಹಿಡಿಯಿತು. ಕಿವಿಯ ಕೆಳಗಿಂದ ಬಾಯಿಗೆ ನೀರು ಒಸರತೊಡಗಿತು. ಅದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಲ್ಲಿ ನೀರು ತುಂಬಿದ ಮೇಲೆ ಹತ್ತು ಎಣಿಸುವಷ್ಟು ಸಮಯ ಇರುತ್ತದೆ, ಹೆಚ್ಚಿಲ್ಲ. ಗಂಗಾಳದಲ್ಲಿ ಇನ್ನೂ ಒಂದೂವರೆ ಹೋಳಿಗೆ ಇತ್ತು.

ಅವನು ನುಂಗಿದ. ಮತ್ತೆ ನುಂಗಿದ. ಇಲ್ಲೇ ಕೂತರೆ ಗಂಗಾಳದೊಳಗೇ ಆಗುತ್ತದೆ. ಎದ್ದರೆ ಪಂಕ್ತಿ ಮುರಿಯುತ್ತದೆ.

ಮರುಳಯ್ಯ ಎದ್ದ.

ಪಂಕ್ತಿಯ ಕೈಗಳು ಎಲೆಯ ಮೇಲೇ ನಿಂತವು. ಅವನು ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಎಂಜಲು ಬಲಗೈಯನ್ನು ಮೇಲೆತ್ತಿಕೊಂಡು, ಅಡಿಗೆಮನೆ ಹಾಯ್ದು ಹಿತ್ತಲಿಗೆ ಓಡಿದ. ಹುಲ್ಲಿನ ಬಣವೆಯ ಮಗ್ಗುಲಿಗೆ ತಲುಪುವಷ್ಟರಲ್ಲಿ ಬೆರಳ ಸಂದಿಯಿಂದ ಹಾಲು ಇಳಿಯುತ್ತಿತ್ತು. ಈ ಸಲ ಕರಡಿಗೆಯನ್ನು ಹಿಡಿದುಕೊಳ್ಳಲು ಕೈ ಉಳಿದಿರಲಿಲ್ಲ.

ತಲೆ ಎತ್ತಿದಾಗ ಮಡಿವಾಳೆಪ್ಪ ಎರಡು ಮಾರು ದೂರದಲ್ಲಿ ನಿಂತಿದ್ದ. ರುಮಾಲು ಬಿದ್ದುಹೋಗಿತ್ತು. ಮಡಿವಾಳೆಪ್ಪ ಆ ಬೋಳು ತಲೆಯನ್ನೂ ಕುತ್ತಿಗೆಯ ಗಂಟುಗಳನ್ನೂ ನೋಡುತ್ತಿದ್ದ.

"ಏನ್ರಿ ಇದು ಅಯ್ಯಾರ?"

"ಕ್ಯಾನ್ಸರ್."

ಮಡಿವಾಳೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಸರಿದದ್ದು ತನಗೇ ಗೊತ್ತಾಗಿ ಅಲ್ಲೇ ನಿಂತ. ಒಂದು ತಾಸಿನ ಹಿಂದೆ ಅವನು ಈ ಪಾದ ತೊಳೆದು ಕುಡಿದಿದ್ದ.

"ಯಾವಾಗಿಂದ?"

"ನಾಲ್ಕು ತಿಂಗಳು."

"ನಾಲ್ಕು ತಿಂಗಳು! ಹೇಳಾಕ ಬಾಯಿ ಇರಲಿಲ್ಲೇನ್ರಿ? ಮೊದ್ಲ ಹೇಳಿದ್ರ ತೋಟಯ್ಯನ್ನ ಕರಸ್ತಿದ್ದೆ. ನಮ್ಮವ್ವಂದು ಒಂದ ಸಲ ಬರೂ ಹನ್ನೊಂದು. ಅದನ್ನ ತಿಪ್ಪಿಪಾಲು ಮಾಡಿದ್ರಿ." ಅವನು ತನ್ನ ಅಂಗೈ ನೋಡಿಕೊಂಡ. "ಅಂಟತೈತೇನ್ರಿ ಇದು?"

"ಇಲ್ಲಂತಾರ ಡಾಕ್ಟರು. ನಮ್ಮಾಕಿ ದಿನಾ ನನ್ನ ಜೋಡಿ ಉಣ್ಣತಾಳ. ಆಕಿಗೇನೂ ಆಗಿಲ್ಲ. ನಿನಗ ಹೆಂಗ ತಿಳೀತೈತಿ ಹಂಗ ಮಾಡಪಾ. ತೋಟಯ್ಯಗ ಹೇಳಿ ಕಳಸು. ನಾ ಒಲ್ಲೆನ್ನಂಗಿಲ್ಲ."

ಗುರವ್ವ ಮೊರದಲ್ಲಿ ಒಲೆಯ ಬೂದಿ ತಂದು ನೆಲದ ಮೇಲೆ ಸುರುವಿದಳು. ಬೂದಿ ಹಸಿಯಾಗಿ ಕಪ್ಪಾಯಿತು. ಇನ್ನಷ್ಟು ಸುರುವಿದಳು.

"ಅತ್ತಿ ಇದ್ದಾಗೂ ನನ್ನ ಅಡಿಗಿ ಒಲ್ಲೆ ಅಂತಿದ್ಲು," ಎಂದಳು. "ಸತ್ತ ಮ್ಯಾಲೂ ಇಳಸಗೊಡವಲ್ಲಳು."

"ನೀ ಸುಮ್ನಿರು ಬೇ," ಎಂದ ಮಡಿವಾಳೆಪ್ಪ.

"ನಾ ಸುಮ್ನ ಇರ್ತೇನಿ. ಆಕಿ ಯಾರ ಹೆಸರು ಹೇಳಿ ಸತ್ತಾಳ ಅನ್ನೂದು ನಿಮಗಽ ಗೊತ್ತೈತಿ. ತೋಟಯ್ಯಂದಲ್ಲ." ಅವಳು ತಂಬಿಗೆಯ ನೀರನ್ನು ಮರುಳಯ್ಯನ ಕೈಗೆ ಹಾಕಿದಳು. ರುಮಾಲನ್ನು ಎತ್ತಿ ಜಾಡಿಸಿ ಕೊಟ್ಟಳು. ಕೊಡುವಾಗ ಬೆರಳು ತಾಗದಂತೆ ತುದಿ ಹಿಡಿದು ಕೊಟ್ಟಳು.

ಒಳಗಿನಿಂದ ಬಸಣ್ಣನ ದನಿ ಬಂತು, ಊರಿಗೆಲ್ಲ ಕೇಳುವ ಹಾಗೆ. "ಅಯ್ಯಾರ! ನಾವಿನ್ನೂ ಎದ್ದಿಲ್ರಿ. ಎತ್ತು ಸಿಗತೋ ಇಲ್ಲೋ?"

ಮರುಳಯ್ಯ ರುಮಾಲು ಸುತ್ತಿಕೊಂಡ.

"ಸಿಗಲಿ ಬಿಡಲಿ, ಬಂದು ಕುಂದರ್ರಿ," ಎಂದ ಬಸಣ್ಣ ಮತ್ತೆ. "ನನ್ನ ಕುಂದ್ರಿಸಿದ್ರಲ್ಲ ಅವತ್ತ. ಇವತ್ತ ನಾವು ಕಾಯ್ತೇವಿ."

ಅದು ಹಳೆಯ ಸೇಡೋ ಬೇರೆ ಏನೋ ಮರುಳಯ್ಯನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಹೊತ್ತೂ ಇರಲಿಲ್ಲ. ಹೊಟ್ಟೆ ಖಾಲಿಯಾಗಿ, ಮೈ ಹಗುರಾಗಿ, ನಾಲಿಗೆ ಒಣಗಿತ್ತು. ಬಿಡುವು ಶುರುವಾಗಿತ್ತು. ಅರ್ಧ ತಾಸು, ಬಹಳವೆಂದರೆ.

"ಕಟಕ ರೊಟ್ಟಿ ಐತೇನವ್ವಾ ಮನಿಯಾಗ?"

"ಮೊನ್ನೀದು ಐತ್ರಿ."

"ಒಂದು ತಾ. ಮತ್ತ ಒಂದು ಲಿಂಬಿಹಣ್ಣು."

ಅವನು ಒಳಗೆ ಬಂದಾಗ ಇಪ್ಪತ್ತು ಮಂದಿಯೂ ಎಂಜಲು ಕೈಯನ್ನು ಎಲೆಯ ಮೇಲೆ ಹಿಡಿದು ಕೂತಿದ್ದರು. ಮಾತು ಅವನಿಗಿಂತ ಮೊದಲೇ ಒಳಗೆ ಬಂದಿತ್ತೆಂದು ಅವರ ಕಣ್ಣುಗಳೇ ಹೇಳಿದವು. ಮಿಶ್ರಿಕೋಟಿಯ ಬೀಗರೊಬ್ಬರು ತಮ್ಮ ಎಲೆಯನ್ನು ನಾಲ್ಕು ಬೆರಳು ಆಚೆ ಎಳೆದುಕೊಂಡರು.

ಮರುಳಯ್ಯ ಮಣೆಯ ಮೇಲೆ ಕೂತು ಮೊದಲು ಒಣ ರೊಟ್ಟಿಯನ್ನು ಮುರಿದ. ಆ ಸದ್ದು ಪಡಸಾಲೆಗೆಲ್ಲ ಕೇಳಿಸಿತು. ಅಗಿದ, ನುಂಗಿದ, ಕಾದ. ಆಮೇಲೆ ಹೋಳಿಗೆ. ಅದು ಈಗ ತಣ್ಣಗಾಗಿ, ಮೇಲಿನ ತುಪ್ಪ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ತುಪ್ಪಕ್ಕೆ ವಾಸನೆ ಕಡಿಮೆ. ಬೆರಳಿನಷ್ಟು ಮುರಿದು ಲಿಂಬೆಹಣ್ಣನ್ನು ಮೂಸಿ ನುಂಗಿದ. ಮತ್ತೆ ರೊಟ್ಟಿ, ಮತ್ತೆ ಹೋಳಿಗೆ. ಪಂಕ್ತಿಯವರ ಕೈಗಳ ಮೇಲೆ ಸಾರು ಒಣಗಿ ಬಿಳಿಯಾಯಿತು. ಹೊರಗೆ ಕಲಘಟಗಿ ಬಸ್ಸು ಹಾರನ್ ಹಾಕಿ ಹೋಯಿತು. ಅದನ್ನು ಹಿಡಿಯಬೇಕಾಗಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏಳಲಿಲ್ಲ.

ಕಡೆಯ ಅರ್ಧ ಹೋಳಿಗೆಗೆ ಅವನ ಕೈ ನಿಂತಿತು. ಮರುಳಯ್ಯ ಅದನ್ನೇ ನೋಡುತ್ತ ಕೂತ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು.

ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದ ಮಡಿವಾಳೆಪ್ಪ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಗುರವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಅವನು ಗಂಗಾಳಕ್ಕೆ ಕೈ ಹಾಕಿ ಆ ಅರ್ಧ ಹೋಳಿಗೆಯನ್ನು ಎತ್ತಿದ. ಎರಡು ಸಲ ಬಾಯಿಯ ತನಕ ಒಯ್ದು ಇಳಿಸಿದ. ಮೂರನೆಯ ಸಲ ಇಡಿಯಾಗಿ ಬಾಯಿಗೆ ತುರುಕಿ, ಕಣ್ಣು ಮುಚ್ಚಿ, ಅಗಿಯದೆ ನುಂಗಿದ. ಮೀಸೆ ಒರೆಸಿಕೊಂಡ.

ಮರುಳಯ್ಯ ಗಂಗಾಳದಲ್ಲಿ ನೀರು ಹಾಕಿಕೊಂಡ. ಅಂಚಿನಿಂದ ಅಂಚಿಗೆ ಬೆರಳಾಡಿಸಿ ತೊಳೆದ. ತುಪ್ಪದ ಕಣ್ಣುಗಳು ನೀರಿನ ಮೇಲೆ ತೇಲಿದವು. ಎರಡೂ ಕೈಯಿಂದ ಗಂಗಾಳ ಎತ್ತಿ ಕುಡಿದು, ಕೆಳಗಿಟ್ಟ. ಲಿಂಬೆ ಸಿಪ್ಪೆಯೊಂದನ್ನು ಹರಿದು ಬಾಯಿಗಿಟ್ಟುಕೊಂಡ.

"ಏಳೂಣೇನ್ರಿ ಅಯ್ಯಾರ?" ಎಂದ ಬಸಣ್ಣ, ಸಣ್ಣ ದನಿಯಲ್ಲಿ.

ಕಿವಿಯ ಕೆಳಗಿಂದ ಬಾಯಿಗೆ ಮತ್ತೆ ನೀರು ಒಸರುತ್ತಿತ್ತು. ಮರುಳಯ್ಯ ಸಿಪ್ಪೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಎದುರಿನ ಗೋಡೆಯನ್ನು ನೋಡಿದ.

"ತಡೀರಿ," ಎಂದ.

ಇಪ್ಪತ್ತು ಮಂದಿ ಒಣಗಿದ ಕೈ ಹಿಡಿದುಕೊಂಡು ಕೂತರು.